ಚಂಡೀಗಢದ ಬೆತ್ತ, ಡೆನ್ಮಾರ್ಕಿನ ಕಾಗದದ ಹುರಿ, ಅಜ್ಜನ ಕ್ಯಾನ್ವಾಸ್: ಒಂದೇ ಹಾಲ್‌ನಲ್ಲಿ ಮೂರು ಕುರ್ಚಿ

ಅಂಗಡಿಯಲ್ಲಿ ಎರಡು ನಿಮಿಷ ಕೂತು ನೋಡಿದರೆ ಕುರ್ಚಿಯ ಗುಣ ಗೊತ್ತಾಗುವುದಿಲ್ಲ. ಅಲ್ಲಿ ನಾವು ನೆಟ್ಟಗೆ ಕೂತಿರುತ್ತೇವೆ. ಮನೆಯಲ್ಲಿ ಹಾಗೆ ಕೂರುತ್ತೇವಾ? ಕಾಲು ಮೇಲೆಳೆದುಕೊಂಡು ಚಕ್ಕಳಮಕ್ಕಳ ಹಾಕುತ್ತೇವೆ, ತೊಡೆ ಮೇಲೆ ಮೊರ ಇಟ್ಟುಕೊಂಡು ಸೊಪ್ಪು ಸೋಸುತ್ತೇವೆ, ಕುರ್ಚಿಯ ಕೈ ಮೇಲೆ ಕಾಫಿ ಲೋಟ ಇಡುತ್ತೇವೆ.

ನಾನು ಫರ್ನಿಚರ್ ಡಿಸೈನ್ ಮಾಡುವವಳು. ಮೈಸೂರಿನ ನಮ್ಮ ಮನೆಗೆ ಕುರ್ಚಿ ಬೇಕಾದಾಗ, ನನಗೆ ತುಂಬಾ ಇಷ್ಟದ ಮೂರು ಬಗೆಯನ್ನು ಹಾಲ್‌ನಲ್ಲಿ ಅಕ್ಕಪಕ್ಕ ಇಟ್ಟು ಜೂನ್‌ನಿಂದ ಅಕ್ಟೋಬರ್‌ವರೆಗೆ ಬಳಸಿದೆವು. ಮಳೆಗಾಲವನ್ನೇ ಆರಿಸಿಕೊಂಡಿದ್ದು ಬೇಕೆಂದೇ. ಮರ, ಬೆತ್ತ, ಬಟ್ಟೆ ಎಲ್ಲದರ ಬಣ್ಣ ಬಯಲಾಗುವುದು ಆಗಲೇ.

ಮೊದಲನೆಯದು ಚಂಡೀಗಢದ ಕುರ್ಚಿ. ಆ ಊರಿನ ನಕ್ಷೆ ಹಾಕಿದ ವಾಸ್ತುಶಿಲ್ಪಿ ಲೆ ಕಾರ್ಬುಸಿಯೆ ಅವರ ಸೋದರಸಂಬಂಧಿ, ತಾವೂ ವಾಸ್ತುಶಿಲ್ಪಿಯಾಗಿದ್ದ ಪಿಯರ್ ಜನ್ನರೆ 1951ರಲ್ಲಿ ಅಲ್ಲಿಗೆ ಬಂದವರು 1965ರವರೆಗೂ ಇದ್ದರು. ಹೊಸದಾಗಿ ಕಟ್ಟುತ್ತಿದ್ದ ಊರು, ಅಷ್ಟೂ ಕಚೇರಿಗಳಿಗೆ ಸಾವಿರಗಟ್ಟಲೆ ಮೇಜು ಕುರ್ಚಿ ಬೇಕು. ಅವರು ತೇಗ ಮತ್ತು ಬೆತ್ತ ಹಿಡಿದರು, ಬೇರೆ ಬೇರೆ ಕಡೆಯ ಬಡಗಿಗಳು ಮಾಡಬಲ್ಲಂಥ ಜೋಡಣೆ ಯೋಚಿಸಿದರು. ಪಕ್ಕದಿಂದ ನೋಡಿದರೆ ಕೈವಾರ ಬಿಚ್ಚಿ ನಿಲ್ಲಿಸಿದ ಹಾಗೆ ಕಾಲುಗಳು. ಅದೇ ಕುರ್ಚಿಗಳನ್ನು ಹಳೆಯದಾಯಿತು ಅಂತ ಹೊರಗೆ ಹಾಕಿದರು, ಆಮೇಲೆ ಅವು ವಿದೇಶದ ಹರಾಜಿನಲ್ಲಿ ಲಕ್ಷಗಟ್ಟಲೆ ಬೆಲೆಗೆ ಹೋದವು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮದು ಅದರ ಮಾದರಿಯಲ್ಲಿ ಮಾಡಿಸಿದ್ದು. ನಮ್ಮ ಆಚಾರ್ರು ಹಳೇ ಮನೆಯ ಬಾಗಿಲುವಾಡದ ತೇಗದಲ್ಲಿ ಮಾಡಿಕೊಟ್ಟರು. ಮರದ ಕೆಲಸ ಅಚ್ಚುಕಟ್ಟು. ಹೆಣೆಯಲು ಕೊಟ್ಟ ಅಂಗಡಿಯವರು ಮಾತ್ರ ಬೆತ್ತ ಅಂತ ಹೇಳಿ ಪ್ಲಾಸ್ಟಿಕ್ ಹೆಣೆದುಕೊಟ್ಟರು. ಅರ್ಧ ಗಂಟೆ ಕೂತರೆ ಬೆನ್ನೆಲ್ಲಾ ಬೆವರು. ಬಿಚ್ಚಿಸಿ, ಬೇರೆಯವರ ಹತ್ತಿರ ನಿಜವಾದ ಬೆತ್ತ ಹಾಕಿಸಿದ ಮೇಲೆ ಅದು ಬೇರೆಯದೇ ಕುರ್ಚಿ ಆಯಿತು, ಗಾಳಿ ಆಡುತ್ತದೆ, ಮೈಭಾರಕ್ಕೆ ಸ್ವಲ್ಪ ಬಗ್ಗುತ್ತದೆ. ಆಗಸ್ಟ್‌ನಲ್ಲಿ ಬೆತ್ತದ ಅಡಿಗೆ ಬೂಷ್ಟು ಬಂತು, ಒರೆಸಿ ಬಿಸಿಲಿಗಿಟ್ಟರೆ ಹೋಯಿತು. ಸೀಟು ಜೋತುಬಿದ್ದರೂ ಗಾಬರಿ ಬೇಡ. ಅಡಿಯಿಂದ ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ನೆನೆಸಿ ಒಣಗಲು ಬಿಡಿ, ಬೆತ್ತ ತಾನೇ ಬಿಗಿಯುತ್ತದೆ. ಅಮ್ಮನಿಗೆ ಮಂಡಿ ನೋವು. ಅವರು ಹುಡುಕಿಕೊಂಡು ಹೋಗಿ ಕೂರುತ್ತಿದ್ದುದು ಇದರಲ್ಲೇ, ಎರಡೂ ಕೈ ಊರಿ ಏಳಬಹುದು ಅಂತ. ತೂಕ ಮಾತ್ರ ಜಾಸ್ತಿ, ಊಟದ ಮೇಜಿನ ಹತ್ತಿರ ದಿನಾ ಎಳೆದಾಡುವುದು ಕಷ್ಟ.

ಎರಡನೆಯದು ಡೆನ್ಮಾರ್ಕಿನ ಫರ್ನಿಚರ್ ಡಿಸೈನರ್ ಹಾನ್ಸ್ ವೆಗ್ನರ್ ಅವರ ವಿಶ್‌ಬೋನ್. ವಿದೇಶದಿಂದ ವಾಪಸ್ ಬಂದ ಗೆಳತಿ ತನ್ನ ಮನೆ ಕೆಲಸ ಮುಗಿಯುವವರೆಗೆ ನಮ್ಮಲ್ಲಿ ಇಟ್ಟಿದ್ದಳು. ವೆಗ್ನರ್ ಶೂ ಹೊಲಿಯುವವರ ಮಗ, ಹುಡುಗನಾಗಿದ್ದಾಗಲೇ ಬಡಗಿ ಕೆಲಸ ಕಲಿತವರು. ಚೀನಾದ ಹಳೇ ಕುರ್ಚಿಗಳನ್ನು ನೋಡಿ, ಅದನ್ನೇ ಮತ್ತೆ ಮತ್ತೆ ತಿದ್ದುತ್ತಾ 1949ರಲ್ಲಿ ಇದನ್ನು ಮಾಡಿದರು. ಬೆನ್ನಿನ ಪಟ್ಟಿ ಚಾಟರಬಿಲ್ಲಿನ ಹಾಗೆ ಕವಲೊಡೆದಿದೆ. ಸೀಟಿಗೆ ಸುಮಾರು 120 ಮೀಟರ್ ಕಾಗದದ ಹುರಿ. ಕಾಗದ ಅಂದರೆ ನಂಬುವುದು ಕಷ್ಟ, ಅಷ್ಟು ಗಟ್ಟಿ.

ಇದನ್ನು ಒಂದೇ ಕೈಯಲ್ಲಿ ಎತ್ತಬಹುದು. ಬೆನ್ನು ಮತ್ತು ಕೈ ಎರಡೂ ಒಂದೇ ಬಾಗಿದ ಮರ, ಕೈ ಭಾಗ ಗಿಡ್ಡ. ಹಾಗಾಗಿ ಪಕ್ಕಕ್ಕೆ ತಿರುಗಿ ಕೂತು ಹರಟಬಹುದು, ಸೀಟು ಅಗಲ ಇರುವುದರಿಂದ ಕಾಲು ಮಡಚಿಯೂ ಕೂರಬಹುದು. ಮೂರರಲ್ಲಿ ಹೆಚ್ಚು ಹೊತ್ತು ಊಟಕ್ಕೆ ಕೂರಲು ಹಿತವಾಗಿದ್ದು ಇದೇ. ಆದರೆ ನಮ್ಮ ಊಟ ಸಾರು, ಹುಳಿ, ಅರಿಶಿನದ ಊಟ ಅಲ್ವಾ! ಜುಲೈನಲ್ಲಿ ಮಗ ಸಾರು ಚೆಲ್ಲಿದ ಕಲೆ ಎಷ್ಟು ಒರೆಸಿದರೂ ಹೋಗಲಿಲ್ಲ. ಹೊಸದಾಗಿ ಹೆಣೆಸಿಕೊಡೋಣ ಅಂದರೆ ಆ ಹುರಿ ಹೆಣೆಯುವವರು ನನಗೆ ಮೈಸೂರಿನಲ್ಲಿ ಸಿಗಲಿಲ್ಲ. ಗೆಳತಿ ಬೇಸರ ಮಾಡಿಕೊಳ್ಳಲಿಲ್ಲ, ನನಗೇ ಸಂಕಟ.

ಮೂರನೆಯದು ಅಜ್ಜನ ಈಸಿಚೇರು. ಮರದ ಚೌಕಟ್ಟು, ಎರಡು ಕೋಲು, ನಡುವೆ ಕ್ಯಾನ್ವಾಸ್ ಬಟ್ಟೆ, ಅಷ್ಟೇ. ಹಿಂದಿನ ಅಡ್ಡಪಟ್ಟಿಯನ್ನು ಒಂದು ಕಚ್ಚಿನಿಂದ ಇನ್ನೊಂದಕ್ಕೆ ಸರಿಸಿದರೆ ಒರಗುವುದು ಹೆಚ್ಚುಕಡಿಮೆ ಆಗುತ್ತದೆ. ಮಡಚಿ ಬಾಗಿಲ ಹಿಂದೆ ನಿಲ್ಲಿಸಬಹುದು. ಬಟ್ಟೆ ಕೊಳೆಯಾದರೆ ಕೋಲು ಎಳೆದು ತೊಳೆಯಿರಿ, ಹರಿದರೆ ಬೀದಿ ಕೊನೆಯ ಟೈಲರ್ ಹೊಸದು ಹೊಲಿದುಕೊಡುತ್ತಾರೆ. ರಿಪೇರಿಯಲ್ಲಿ ಮಿಕ್ಕ ಎರಡೂ ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅಮ್ಮ ಇದರಿಂದ ಒಬ್ಬರೇ ಏಳಲು ಆಗುವುದಿಲ್ಲ. ಊಟಕ್ಕಂತೂ ಆಗದು. ಮಧ್ಯಾಹ್ನದ ನಿದ್ದೆಗೆ, ಮಳೆ ನೋಡುತ್ತಾ ಸುಮ್ನೆ ಬಿದ್ದುಕೊಳ್ಳಲು ಇದಕ್ಕೆ ಸಾಟಿ ಇಲ್ಲ.

ಮನೆ ವಿಷಯದಲ್ಲಿ ನನ್ನ ಹಟ ಎರಡೇ. ಹಾಲ್‌ನ ನಡುಭಾಗ ಖಾಲಿ ಇರಬೇಕು, ನೆಂಟರು ಬಂದರೆ ಎಲೆ ಹಾಕಿ ನೆಲದ ಮೇಲೆ ಬಡಿಸುವಷ್ಟು ಜಾಗ. ಯಾವ ಸಾಮಾನಿನ ಅಡಿಗಾದರೂ ಪೊರಕೆ ಸಲೀಸಾಗಿ ಹೋಗಬೇಕು. ಅದಕ್ಕೇ ದೊಡ್ಡ ಸೋಫಾ ನಾನು ಯಾರಿಗೂ ಮನಸಾರೆ ಮಾಡಿಕೊಟ್ಟಿಲ್ಲ. ಈ ಮೂರೂ ಕುರ್ಚಿ ಆ ಪರೀಕ್ಷೆಯಲ್ಲಿ ಗೆದ್ದವು.

ಅಮ್ಮನ ಕೋಣೆಗೆ ಮತ್ತು ಕಿಟಕಿ ಪಕ್ಕಕ್ಕೆ ಬೆತ್ತದ ಕುರ್ಚಿ ಅಂತ ತೀರ್ಮಾನ ಆಯಿತು, ಇನ್ನೊಂದು ಮಾಡಿಸುತ್ತಿದ್ದೇನೆ. ಈಸಿಚೇರು ಜಗಲಿಯಲ್ಲಿ. ವಿಶ್‌ಬೋನ್ ಗೆಳತಿಯ ಮನೆಗೆ ಹೋಯಿತು. ಅದರ ಹಗುರ ಮತ್ತು ಗಿಡ್ಡ ಕೈಗಳನ್ನು ಮರೆಯಲು ಆಗದೆ, ಊಟದ ಕುರ್ಚಿಗೆ ಹೊಸ ಡ್ರಾಯಿಂಗ್ ಹಾಕಿದ್ದೇನೆ. ಸೀಟಿಗೆ ಮಂಚಕ್ಕೆ ಹೆಣೆಯುವ ಹತ್ತಿ ನವಾರು, ಬಿಚ್ಚಿ ಒಗೆಯುವ ಹಾಗೆ. ಡ್ರಾಯಿಂಗ್ ನೋಡಿದ ಆಚಾರ್ರು, ನವಾರು ಎಳೆದು ಕಟ್ಟಿದರೆ ಚೌಕಟ್ಟು ಒಳಕ್ಕೆ ಬಾಗುತ್ತದೆ, ಅಡ್ಡಪಟ್ಟಿ ಇನ್ನೂ ದಪ್ಪ ಬೇಕು ಅಂದರು. ಅವರು ಹೇಳಿದ ಹಾಗೆ ಕಾಲು ಇಂಚು ಹೆಚ್ಚು ಮಾಡಿದ್ದೇನೆ. ಮೊದಲ ಕುರ್ಚಿ ಈ ತಿಂಗಳ ಕೊನೆಗೆ ಬರುತ್ತದೆ.