ಮನೋಚೈತನ್ಯ ಮಂಗಳವಾರ: ಮಾತ್ರೆ ಕೈಗೆ ಬರುತ್ತದೆ, ಮಾತನ್ನು ಕೇಳಿ ಪಡೆಯಬೇಕು

ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ದುಡ್ಡು ಕೊಡಬೇಕಾಗಿಲ್ಲ ಎನ್ನುವ ಸಂಗತಿ ಇವತ್ತಿಗೂ ಎಷ್ಟೋ ಊರುಗಳಿಗೆ ತಲುಪಿಲ್ಲ. 2014ರಲ್ಲಿ ರಾಜ್ಯ ಸರ್ಕಾರ ಶುರುಮಾಡಿದ ಈ ಕ್ಲಿನಿಕ್ಕಿನ ಹೆಸರು ಮನೋಚೈತನ್ಯ. ಇಲಾಖೆಯವರ ಬಾಯಲ್ಲಿ ಸೂಪರ್ ಟ್ಯೂಸ್‌ಡೇ. ನಡೆಸುವುದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ. ಇದರ ಬೇರು ನಮ್ಮ ಬಳ್ಳಾರಿಯಲ್ಲೇ ಇದೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹುಚ್ಚಾಸ್ಪತ್ರೆ ಎಂಬ ಮಾತಿಗೆ ಹೆದರಿ ವರ್ಷಗಟ್ಟಲೆ ಮನೆಯೊಳಗೇ ಉಳಿದವರು ಜ್ವರ, ಶುಗರ್ ತೋರಿಸುವವರ ಸಾಲಿನಲ್ಲೇ ನಿಂತು ಚೀಟಿ ಮಾಡಿಸಬಹುದು ಎನ್ನುವುದು ಈ ಸೇವೆಯ ಬಹುದೊಡ್ಡ ಗುಣ.

ಮೊದಲ ತೊಡಕು ದಿನದ್ದು. ಒಬ್ಬರೇ ಮನೋವೈದ್ಯರು ಹಲವು ತಾಲ್ಲೂಕು ಸುತ್ತುವ ಕಡೆ ಒಂದೂರಿಗೆ ತಿಂಗಳ ಮೊದಲ ಮಂಗಳವಾರ, ಇನ್ನೊಂದಕ್ಕೆ ಎರಡನೆಯದು ಎಂದು ಹಂಚಿರುತ್ತಾರೆ. ಬಸ್ಸು ಹತ್ತುವ ಮೊದಲು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿಕೊಳ್ಳಿ. ಎರಡನೇ ತೊಡಕು ಬೋರ್ಡಿನದು. ‘ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ’ ಎಂದು ಬರೆದ ಕೊಠಡಿ ಎಚ್‌ಐವಿ ಪರೀಕ್ಷೆಯದು. ‘ಸ್ನೇಹ ಕ್ಲಿನಿಕ್’ ಹದಿಹರೆಯದವರದು. ಕೌನ್ಸೆಲಿಂಗ್ ಎಂಬ ಪದ ನಂಬಿ ಇವುಗಳ ಮುಂದೆ ಗಂಟೆಗಟ್ಟಲೆ ಕೂತವರಿದ್ದಾರೆ. ಚೀಟಿ ಕೌಂಟರಿನಲ್ಲೇ ‘ಮಾನಸಿಕ ವಿಭಾಗ’ ಎಂದು ಸ್ಪಷ್ಟವಾಗಿ ಹೇಳಿ. ಹಾಗೆ ಹೇಳಲು ಸಂಕೋಚವಾಗಿ ಬರೀ ತಲೆನೋವು ಎಂದರೆ ಸಾಮಾನ್ಯ ವೈದ್ಯರ ಸಾಲಿಗೆ ಕಳಿಸುತ್ತಾರೆ, ಅಲ್ಲಿಂದ ನೋವಿನ ಮಾತ್ರೆ ಹಿಡಿದು ಮನೆಗೆ ಬರುತ್ತೀರಿ.

ವೈದ್ಯರ ಕೊಠಡಿಯಲ್ಲಿ ಹಳಬರದೇ ಗುಂಪು ಹೆಚ್ಚು. ಎಷ್ಟೋ ಕಡೆ ಮೂರ್ಛೆ ರೋಗದವರೂ ಇದೇ ಸಾಲಿನಲ್ಲಿರುತ್ತಾರೆ. ಹೊಸಬರಿಗೆ ಸಿಗುವ ಸಮಯ ಕಡಿಮೆ, ಅದನ್ನು ವ್ಯರ್ಥವಾಗಲು ಬಿಡಬಾರದು. ತೊಂದರೆ ಯಾವಾಗಿನಿಂದ, ನಿದ್ದೆ ಎಷ್ಟು ಗಂಟೆ, ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಊಟ, ತೂಕ, ಕುಡಿತ, ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳ ಖಾಲಿ ಸ್ಟ್ರಿಪ್ಪೂ ಜೊತೆಗಿರಲಿ. ಥೈರಾಯ್ಡ್ ಕಡಿಮೆಯಾದಾಗಲೂ ಸುಸ್ತು, ಬೇಸರ, ಮಂಕು ಬರುವುದರಿಂದ ವೈದ್ಯರು ಆ ರಕ್ತಪರೀಕ್ಷೆಯನ್ನು ಕೇಳುವುದುಂಟು.

ಖಿನ್ನತೆಯ ಅಂದಾಜಿಗೆ ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಬಳಸುತ್ತಾರೆ. ಕಳೆದ ಎರಡು ವಾರದ ಬಗ್ಗೆ ಕೇಳುತ್ತಾರೆ, ಪ್ರತಿ ಉತ್ತರಕ್ಕೆ 0ರಿಂದ 3 ಅಂಕ, ಒಟ್ಟು 27. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಕುರಿತು. ಪೊಲೀಸ್ ಕೇಸಾದೀತೆಂಬ ಭಯಕ್ಕೆ ಅನೇಕರು ಅದಕ್ಕೆ ‘ಇಲ್ಲ’ ಎಂದುಬಿಡುತ್ತಾರೆ. ಯೋಚನೆ ಬಂದರೆ ಅದು ಅಪರಾಧವಲ್ಲವೇ ಅಲ್ಲ. ಯತ್ನವೇ ನಡೆದಿದ್ದರೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 115 ಅದನ್ನು ತೀವ್ರ ಒತ್ತಡದ ಪರಿಣಾಮ ಎಂದೇ ಮೊದಲು ಭಾವಿಸುತ್ತದೆ. ಆ ಪ್ರಶ್ನೆಗೆ ನಿಜ ಹೇಳುವುದರಿಂದಲೇ ಚಿಕಿತ್ಸೆಯ ದಿಕ್ಕು ಸರಿಯಾಗುತ್ತದೆ. ಪಕ್ಕದಲ್ಲಿ ಜನ ನಿಂತಿದ್ದರೆ ‘ಡಾಕ್ಟ್ರೇ, ಒಬ್ಬರೇ ಇದ್ದಾಗ ಹೇಳ್ತೀನಿ’ ಎನ್ನಿ. ಗೋಪ್ಯತೆ ಅದೇ ಕಾಯ್ದೆಯ ಸೆಕ್ಷನ್ 23 ಕೊಟ್ಟ ಹಕ್ಕು. ಪರದೆಯೂ ಇಲ್ಲದ ಕೊಠಡಿಯಲ್ಲಿ ನಾಲ್ಕು ಜನರೆದುರು ಹೆಣ್ಣುಮಗಳೊಬ್ಬಳಿಂದ ದಾಂಪತ್ಯದ ವಿಷಯ ಕೇಳುವುದು ತಪ್ಪು. ಜಾಗದ ಅಭಾವ ಅದಕ್ಕೆ ಸಮಜಾಯಿಷಿ ಆಗಲಾರದು.

ಔಷಧಿಯ ಭಾಗಕ್ಕೆ ಈ ಕ್ಲಿನಿಕ್ಕಿಗೆ ಒಳ್ಳೆಯ ಅಂಕವನ್ನೇ ಕೊಡಬೇಕು. ಮುಖ್ಯ ಮಾತ್ರೆಗಳು ಉಚಿತ. ಸ್ಟಾಕ್ ಮುಗಿದಿದ್ದರೆ ಚೀಟಿಯಲ್ಲಿರುವ ಔಷಧಿಯ ಮೂಲ ಹೆಸರು ನೋಡಿಕೊಂಡು ಜನೌಷಧಿ ಅಂಗಡಿಯಲ್ಲಿ ಕೇಳಿ. ಜನ ಚಿಕಿತ್ಸೆ ಬಿಡುವುದಕ್ಕೆ ಹೆಚ್ಚಿನ ಸಲ ಕಾರಣ ಔಷಧಿಯ ಕೊರತೆಯಲ್ಲ, ವಿವರಣೆಯ ಕೊರತೆ. ಎಸಿಟಲೋಪ್ರಾಮ್, ಫ್ಲುಓಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಆದರೆ ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆ ಮೊದಲ ವಾರದಲ್ಲೇ ಬರುತ್ತವೆ. ಇದನ್ನು ಯಾರೂ ಹೇಳದಿದ್ದರೆ ಐದನೇ ದಿನಕ್ಕೆ ‘ಈ ಮಾತ್ರೆ ನನಗೆ ಆಗಿಬರಲ್ಲ’ ಎಂದು ಎಸೆಯುತ್ತಾರೆ. ಕ್ಲೊನಾಜೆಪಾಮ್ ಇದಕ್ಕೆ ತದ್ವಿರುದ್ಧ. ನುಂಗಿದ ರಾತ್ರಿಯೇ ನಿದ್ದೆ, ಹಾಗಾಗಿ ಅದೊಂದನ್ನೇ ಮೆಡಿಕಲ್ ಶಾಪಿನಲ್ಲಿ ಕೇಳಿ ತಿಂಗಳುಗಟ್ಟಲೆ ನುಂಗುತ್ತಾರೆ. ಅದು ಅಂಟಿಕೊಳ್ಳುವ ಮಾತ್ರೆ. ಕೆಲವೇ ವಾರಕ್ಕೆಂದು ಕೊಟ್ಟದ್ದನ್ನು ವೈದ್ಯರ ಲೆಕ್ಕದಂತೆಯೇ ಇಳಿಸುತ್ತ ಬಿಡಬೇಕು. ಮನಸ್ಸಿನ ಅತಿಯಾದ ಏರಿಳಿತಕ್ಕೆ ಲಿಥಿಯಂ ತೆಗೆದುಕೊಳ್ಳುವವರು ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದರೆ, ಉಪ್ಪು ಬಿಟ್ಟರೆ, ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗಿ, ವಾಂತಿಭೇದಿಯಾಗಿ, ನಡಿಗೆ ತೂರಾಡಿದರೆ ಮುಂದಿನ ಮಂಗಳವಾರಕ್ಕೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಲಿಥಿಯಂ ಮಟ್ಟದ ಪರೀಕ್ಷೆಗೆ ಹಿಂದಿನ ರಾತ್ರಿಯ ಮಾತ್ರೆಯಾಗಿ 12 ಗಂಟೆಗೆ ರಕ್ತ ಕೊಡಬೇಕು, ಬೆಳಗಿನ ಮಾತ್ರೆ ರಕ್ತ ಕೊಟ್ಟ ಮೇಲೆ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಮೂರ್ಛೆಗೂ ಮನಸ್ಸಿನ ಏರಿಳಿತಕ್ಕೂ ಕೊಡುವ ವಾಲ್‌ಪ್ರೊಯೇಟ್ ಬರೆದಿದ್ದರೆ ಬಸುರಿಯಾಗುವ ವಿಚಾರವನ್ನು ಬಾಯಿಬಿಟ್ಟು ಚರ್ಚಿಸಲೇಬೇಕು, ಏಕೆಂದರೆ ಹೊಟ್ಟೆಯಲ್ಲಿರುವ ಮಗುವಿಗೆ ಅದು ಅಪಾಯಕಾರಿ.

ಇನ್ನು ಆಪ್ತಸಮಾಲೋಚನೆ. ಈ ಸೇವೆ ಸೊರಗಿರುವುದು ಇಲ್ಲೇ. ತಂಡದ ಹುದ್ದೆಗಳಲ್ಲಿ ಮನೋವೈದ್ಯರ ಜೊತೆಗೆ ಕ್ಲಿನಿಕಲ್ ಸೈಕಾಲಜಿಸ್ಟ್, ಮನೋಸಾಮಾಜಿಕ ಕಾರ್ಯಕರ್ತರು, ಶುಶ್ರೂಷಕರು ಇದ್ದಾರೆ. ಆದರೆ ಹುದ್ದೆ ಖಾಲಿಯಿರುವ ಕಡೆ, ಒಬ್ಬರೇ ಇಡೀ ಜಿಲ್ಲೆ ಓಡಾಡುವ ಕಡೆ ಮಾತಿಗೆ ಸಿಗುವುದು ಹತ್ತು ಹದಿನೈದು ನಿಮಿಷ. ಮಾತಿನ ಚಿಕಿತ್ಸೆ ಅಷ್ಟರಲ್ಲಿ ಮುಗಿಯುವಂಥದ್ದಲ್ಲ. ಆತಂಕಕ್ಕೋ ಖಿನ್ನತೆಗೋ ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಂತೆ ಆರರಿಂದ ಹನ್ನೆರಡು ಸಲ ಕೂರಬೇಕಾಗುತ್ತದೆ. ಆದ್ದರಿಂದ ಮಂಗಳವಾರದ ಗದ್ದಲದಲ್ಲಿ ಎಲ್ಲ ಹೇಳಿ ಮುಗಿಸಲು ಹೋಗಬೇಡಿ. ‘ಕೌನ್ಸೆಲಿಂಗಿಗೆ ಬೇರೆ ದಿನ ಕೊಡಿ, ಎಲ್ಲಿಗೆ ಬರಲಿ?’ ಎಂದು ಕೇಳಿ, ದಿನಾಂಕವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಸಾಮಾನ್ಯವಾಗಿ ಜಿಲ್ಲಾಸ್ಪತ್ರೆಗೆ ಬರಹೇಳುತ್ತಾರೆ. ದೂರವೇನೋ ಹೌದು, ಆದರೆ ಅಲ್ಲಿ ಕೂತು ಮಾತಾಡಲು ಬಿಡುವಿರುತ್ತದೆ. ಕೇಳದೇ ಸುಮ್ಮನಿದ್ದವರ ಚೀಟಿಯಲ್ಲಿ ಮಾತ್ರೆಯಷ್ಟೇ ಉಳಿಯುತ್ತದೆ.

ಕೌನ್ಸೆಲಿಂಗ್ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಒಳ್ಳೆಯ ಸಮಾಲೋಚಕಿ ಮೊದಲ ಭೇಟಿಯಲ್ಲಿ ಹೆಚ್ಚು ಕೇಳಿಸಿಕೊಳ್ಳುತ್ತಾರೆ. ಮುಂದಿನ ಭೇಟಿಯೊಳಗೆ ಮಾಡಬೇಕಾದ ಒಂದು ಸಣ್ಣ ಕೆಲಸ ಕೊಡುತ್ತಾರೆ: ಎದೆ ಢವಢವ ಎಂದ ಹೊತ್ತನ್ನು ಬರೆದಿಡುವುದು, ಬಿಟ್ಟುಬಿಟ್ಟ ಕೆಲಸಗಳಲ್ಲಿ ಒಂದನ್ನು ದಿನಕ್ಕೆ ಕಾಲು ಗಂಟೆ ಮಾಡುವುದು. ಎರಡನೇ ಸಲ ಅದರಿಂದಲೇ ಮಾತು ಶುರುಮಾಡುತ್ತಾರೆ. ‘ಎಲ್ಲರ ಮನೆ ದೋಸೆಯೂ ತೂತೇ, ಹೊಂದಿಕೊಂಡು ಹೋಗಮ್ಮಾ’ ಎಂದು ಬುದ್ಧಿಮಾತು ಹೇಳಿ ಕಳಿಸಿದರೆ ಅದು ಚಿಕಿತ್ಸೆಯಲ್ಲ. ಹೊಡೆತ ತಿನ್ನುತ್ತಿರುವ ಹೆಣ್ಣಿಗೆ ಹಾಗೆ ಹೇಳುವುದು ಅಪಾಯ. ಅಂಥವರಿಗೆ 181ರ ಮಹಿಳಾ ಸಹಾಯವಾಣಿ, ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರದ ದಾರಿ ತೋರಿಸುವುದೂ ಸಮಾಲೋಚಕರ ಕೆಲಸವೇ.

ಕುಡಿತದ ವಿಷಯಕ್ಕೆ ಬರುವ ಮನೆಯವರು ‘ಅವರಿಗೆ ಗೊತ್ತಾಗದ ಹಾಗೆ ಸಾರಿಗೆ ಬೆರೆಸೋ ಪುಡಿ ಕೊಡಿ’ ಎಂದು ಕೇಳುತ್ತಾರೆ. ಇಲ್ಲಿ ಕೊಡುವುದಿಲ್ಲ, ಕೊಡಲೂಬಾರದು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಜೀವಕ್ಕೇ ಸಂಚಕಾರ ಬರಬಹುದು. ಕುಡಿಯುವವರು ತಿಳಿದು ಒಪ್ಪಿದರೆ ಮಾತ್ರ ಆ ಮಾತ್ರೆ. ದಿನವೂ ಬೆಳಗ್ಗೆಯಿಂದಲೇ ಕುಡಿಯುವವರು ದೇವರ ಮೇಲೆ ಆಣೆ ಮಾಡಿ ಏಕ್‌ದಂ ನಿಲ್ಲಿಸುವುದೂ ಅಪಾಯವೇ. ಕೆಲವೇ ಗಂಟೆಗಳಲ್ಲಿ ನಡುಕ, ಎರಡು ದಿನದೊಳಗೆ ಫಿಟ್ಸ್, ಎರಡು ಮೂರನೇ ದಿನ ಇಲ್ಲದವರು ಕಂಡಂತೆ ಆಗಿ ಬಡಬಡಿಸುವುದು ಬರಬಹುದು. ಮೊದಲು ಒಳರೋಗಿಯಾಗಿ ದಾಖಲಾಗಿ, ಥಯಾಮಿನ್ (ವಿಟಮಿನ್ ಬಿ1) ಸಹಿತ ಚಿಕಿತ್ಸೆ ಪಡೆದು ನಿಲ್ಲಿಸುವುದೇ ಸರಿ. ಅಂಥವರನ್ನು ಜಿಲ್ಲಾಸ್ಪತ್ರೆಗೆ ಕಳಿಸಿದರೆ ‘ಸಾಗಹಾಕಿದರು’ ಎಂದುಕೊಳ್ಳಬೇಡಿ.

ಮಂಗಳವಾರಗಳ ನಡುವಿನ ದಿನಗಳಿಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಸಂಖ್ಯೆ 14416. 2022ರ ಅಕ್ಟೋಬರ್ 10ರಿಂದ ಹಗಲಿರುಳೂ ನಡೆಯುತ್ತಿದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಸಮಾಲೋಚಕರು ಮಾತಾಡುತ್ತಾರೆ, ಬೇಕೆನಿಸಿದರೆ ತಜ್ಞರಿಗೆ ದಾಟಿಸುತ್ತಾರೆ. ರಾತ್ರಿ ಎರಡಕ್ಕೆ ಎದೆ ಹಿಂಡುವಾಗ ಇದು ನಿಜವಾದ ಆಸರೆ. ಮತ್ತೆ ಮಾಡಿದಾಗ ಅದೇ ದನಿ ಸಿಗುವ ಖಾತ್ರಿಯಿಲ್ಲ, ಹಾಗಾಗಿ ದೀರ್ಘ ಚಿಕಿತ್ಸೆಯನ್ನು ಇದರ ಮೇಲೇ ಬಿಡಬೇಡಿ. ವಿಷ ಕುಡಿದಿದ್ದರೆ, ಗಾಯ ಮಾಡಿಕೊಂಡಿದ್ದರೆ ನೇರ 108.

ಮಾನಸಿಕ ಕಾಯಿಲೆಗಾಗಿ ಅಂಗವಿಕಲರ ಗುರುತಿನ ಚೀಟಿ ಬೇಕಾದವರಿಗೂ ಇದೇ ದಾರಿ. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ತಿಳುವಳಿಕೆ, ಕೆಲಸ, ಜೊತೆಗೆ ಕಾಯಿಲೆಯ ಅವಧಿಯನ್ನು ನೋಡಿ ಅಂಕ ಹಾಕುತ್ತಾರೆ, ಶೇ. 40 ಆಗಬೇಕು. ಹಳೆಯ ಚೀಟಿಗಳೇ ಅವಧಿಗೆ ಪುರಾವೆ, ಒಂದನ್ನೂ ಎಸೆಯಬೇಡಿ.

ಕೊನೆಗೆ ಔಷಧಿ ಕಿಟಕಿಯ ಮುಂದೆ ನಿಂತಾಗ ಕ್ಯಾಲೆಂಡರ್ ನೋಡಿ. ಎರಡನೇ ಮಂಗಳವಾರದಿಂದ ಮುಂದಿನ ತಿಂಗಳ ಎರಡನೇ ಮಂಗಳವಾರಕ್ಕೆ ಒಮ್ಮೆ 28 ದಿನ, ಒಮ್ಮೆ 35 ದಿನ. ಕೊಡುವುದು 30 ದಿನದ ಮಾತ್ರೆಯಾದರೆ 35 ದಿನದ ತಿಂಗಳಲ್ಲಿ ಐದು ದಿನ ಬರಿಗೈ. ಆ ಐದು ದಿನದಲ್ಲೇ ತಲೆಸುತ್ತು, ನಿದ್ದೆಗೇಡು ಮರಳಿ ಎಷ್ಟೋ ಜನ ಹಿಂದಿನ ಸ್ಥಿತಿಗೆ ಜಾರುತ್ತಾರೆ. ವೈದ್ಯರ ಕೊಠಡಿಯಿಂದ ಹೊರಡುವ ಮೊದಲೇ ‘ಈ ಸಲ ಐದು ವಾರ ಬರುತ್ತೆ ಸಾರ್, 35 ಬರೆದುಕೊಡಿ’ ಎಂದು ಕೇಳಿಕೊಳ್ಳಿ.