ಎಲೆಕ್ಟ್ರಿಕ್ ಗಾಡಿಗೆ ಯಾವ ಆಕ್ಷನ್ ಕ್ಯಾಮೆರಾ? ದಾವಣಗೆರೆ–ಚಿತ್ರದುರ್ಗ ರಸ್ತೆಯಲ್ಲಿ ನಾಲ್ಕರ ಹೋಲಿಕೆ

ಪೆಟ್ರೋಲ್ ಬೈಕಿನ ವಿಡಿಯೊದಲ್ಲಿ ಎಂಜಿನ್ ಸದ್ದು ಎಷ್ಟೋ ಹುಳುಕನ್ನು ಮುಚ್ಚಿಬಿಡುತ್ತದೆ. ಎಲೆಕ್ಟ್ರಿಕ್ ಗಾಡಿಗೆ ಆ ಮರೆ ಇಲ್ಲ. ಗಾಳಿಯ ಭೋರ್ಗರೆತ, ನಂಬರ್ ಪ್ಲೇಟಿನ ಗಡಗಡ, ಸಡಿಲ ಮೌಂಟಿನ ಕಿರುಗುಟ್ಟು, ಮೋಟಾರಿನ ಸಣ್ಣ ಸಿಳ್ಳೆ, ಎಲ್ಲವೂ ನೇರ ಮೈಕಿಗೆ ಬೀಳುತ್ತವೆ. ಹಾಗಾಗಿ 5.3ಕೆ, 8ಕೆ ಅನ್ನೋ ವಿಡಿಯೊ ಸ್ಪಷ್ಟತೆಯ ಅಂಕಿಗಳನ್ನು ಸದ್ಯಕ್ಕೆ ಬದಿಗಿಡಿ. ಮೈಕ್ ಹೇಗೆ ಸೇರಿಸಬಹುದು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕತ್ತಲಾದ ಮೇಲೆ ಏನು ಕಾಣುತ್ತದೆ ಎಂಬುದರ ಮೇಲೆ ಕ್ಯಾಮೆರಾ ಆರಿಸಬೇಕು.

ಪಕ್ಕಪಕ್ಕ ಇಟ್ಟು ನೋಡಿದ್ದು ಗೋಪ್ರೊ ಹೀರೋ 13 ಬ್ಲ್ಯಾಕ್, ಡಿಜೆಐ ಓಸ್ಮೊ ಆಕ್ಷನ್ 5 ಪ್ರೊ, ಇನ್‌ಸ್ಟಾ360 ಏಸ್ ಪ್ರೊ 2 ಮತ್ತು 360 ಡಿಗ್ರಿಯ ಇನ್‌ಸ್ಟಾ360 ಎಕ್ಸ್4. ನಾಲ್ಕೂ 2024ರಲ್ಲಿ ಬಂದವು. ರಸ್ತೆ ಮುಖ್ಯವಾಗಿ ಎನ್‌ಎಚ್ 48: ದಾವಣಗೆರೆಯಿಂದ ಆನಗೋಡು, ಭರಮಸಾಗರ ದಾಟಿ ಚಿತ್ರದುರ್ಗದವರೆಗೆ ಸುಮಾರು 60 ಕಿ.ಮೀ. ಊರೊಳಗಿನ ಹಂಪು, ಗುಂಡಿಗಳಿಗೆ ಪಿ.ಬಿ. ರೋಡಿನ ಅಕ್ಕಪಕ್ಕ; ಧೂಳಿಗೆ ಕೊಂಡಜ್ಜಿ ಕಡೆಯ ಹಳ್ಳಿ ರಸ್ತೆ.

ಮೊದಲು ಮೌಂಟ್, ಅಂದರೆ ಕ್ಯಾಮೆರಾವನ್ನು ಹಿಡಿದು ನಿಲ್ಲಿಸುವ ಹಿಡಿಕೆ. ಬೈಕಿಗಿರುವಂತೆ ಬರಿಯ ಹ್ಯಾಂಡಲ್ ಪೈಪು ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಸಿಗುವುದಿಲ್ಲ, ಪೂರ್ತಿ ಪ್ಲಾಸ್ಟಿಕ್ ಕವರು. ಕ್ಲಾಂಪ್ ಹಿಡಿಯಲು ಉಳಿಯುವುದು ಕನ್ನಡಿಯ ರಾಡ್ ಮಾತ್ರ. ಆ ರಾಡ್ ತೆಳು, 150 ಗ್ರಾಂ ಹೇರಿದರೆ ಗುಂಡಿಗೊಮ್ಮೆ ತಲೆಯಾಡಿಸುತ್ತದೆ. ಕ್ಲಾಂಪಿನ ಒಳಗೆ ಹಳೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಬಿಗಿ ಮಾಡಿದರೆ ಜಾರುವುದು ನಿಲ್ಲುತ್ತದೆ, ಕುಣಿತ ನಿಲ್ಲುವುದಿಲ್ಲ. ಇನ್ನೊಂದು ತೊಂದರೆ ನಾಲ್ಕೂ ಕ್ಯಾಮೆರಾಗಳಿಗೆ ಸಮಾನ. ಚಿತ್ರದ ಅಲುಗಾಟ ತಗ್ಗಿಸುವ ಸ್ಟೆಬಿಲೈಸೇಶನ್ ರಸ್ತೆಯನ್ನು ನಿಲ್ಲಿಸಲು ಹೋಗಿ ಗಾಡಿಯನ್ನೇ ಕುಣಿಸುತ್ತದೆ: ದೂರದ ಗುಡ್ಡ ಅಲುಗದೆ ನಿಂತಿರುತ್ತದೆ, ಎದುರಿನ ಡ್ಯಾಶ್ (ವೇಗ, ಬ್ಯಾಟರಿ ತೋರಿಸುವ ಪರದೆ) ಮಾತ್ರ ತೂರಾಡುತ್ತದೆ. ಡ್ಯಾಶೇ ಮುಖ್ಯವಾದ ಶಾಟ್‌ಗೆ ಸ್ಟೆಬಿಲೈಸೇಶನ್ ಆಫ್ ಮಾಡಿ, ರಸ್ತೆಯೇ ಮುಖ್ಯವಾದರೆ ಕ್ಯಾಮೆರಾವನ್ನು ಹೆಲ್ಮೆಟ್ಟಿನ ಗಲ್ಲಕ್ಕೆ ತನ್ನಿ.

ಗಲ್ಲಕ್ಕೆ ಅಂಟಿಸುವ ಕ್ರಮ ಹೀಗೆ. ನಯವಾದ ಫುಲ್ ಫೇಸ್ ಹೆಲ್ಮೆಟ್ ಬೇಕು. ಮ್ಯಾಟ್ ಮೇಲ್ಮೈಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಣಗಿಸಿ, ಅಂಟುಪಟ್ಟಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, 24 ಗಂಟೆ ಏನನ್ನೂ ನೇತುಹಾಕದೆ ಬಿಡಿ. ಅಂಟಿಸಿದ ಅರ್ಧ ಗಂಟೆಗೇ ಹೈವೇಗೆ ಹೋದವರ ಮೌಂಟೇ ಕಿತ್ತು ಬೀಳುವುದು. ಹೇಗೂ ಒಂದು ದಾರವನ್ನು ಹೆಲ್ಮೆಟ್ ಪಟ್ಟಿಗೆ ಕಟ್ಟಿರಿ. ಹೆಲ್ಮೆಟ್‌ಗೆ ತೂತು ಕೊರೆಯುವ ಮಾತೇ ಬೇಡ. ಕೋನ ಹೊಂದಿಸುವಾಗ ಗಾಡಿಯ ಮೇಲೆ ಕೂತು ಸೀದಾ ನೋಡುತ್ತಾ ಫೋನಿನಲ್ಲಿ ಪ್ರಿವ್ಯೂ ತೆರೆಯಿರಿ; ಹ್ಯಾಂಡಲ್ ಚಿತ್ರದ ಕೆಳಗಿನ ಕಾಲುಭಾಗದಲ್ಲಿ ಕಂಡರೆ ಸರಿ. ಬಗ್ಗಿ ಹೊಂದಿಸಿದರೆ ಪೂರ್ತಿ ರೈಡ್ ಆಕಾಶದ್ದೇ ವಿಡಿಯೊ ಆಗುತ್ತದೆ. ತೂಕ ಇಲ್ಲಿ ಗೊತ್ತಾಗುತ್ತದೆ: ಆಕ್ಷನ್ 5 ಪ್ರೊ 146 ಗ್ರಾಂ, ಹೀರೋ 13 159, ಏಸ್ ಪ್ರೊ 2 177, ಎಕ್ಸ್4 203. ಕಾಗದದ ಮೇಲೆ ಚಿಲ್ಲರೆ ಅಂತರ, ಭರಮಸಾಗರ ದಾಟುವಷ್ಟರಲ್ಲಿ ಕುತ್ತಿಗೆಗೆ ಚಿಲ್ಲರೆಯಲ್ಲ.

ಈಗ ಸದ್ದು. ಕ್ಯಾಮೆರಾದ ಒಳಮೈಕ್ ಗಂಟೆಗೆ 40 ಕಿ.ಮೀ. ವೇಗದವರೆಗೆ ಹೇಗೋ ಸಹಿಸಬಹುದು. ಅದರ ಮೇಲೆ, ಅದರಲ್ಲೂ ಆಷಾಢದ ಗಾಳಿಯಲ್ಲಿ, ಯಾವ ಕ್ಯಾಮೆರಾದ ಗಾಳಿ ತಡೆಯುವ ಸಾಫ್ಟ್‌ವೇರ್ ಹಾಕಿದರೂ ಮಾತು ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಏಸ್ ಪ್ರೊ 2ಕ್ಕೆ ಮೈಕಿನ ಮೇಲೆ ಕೂರುವ ವಿಂಡ್ ಗಾರ್ಡ್ ಬಾಕ್ಸಿನಲ್ಲೇ ಬರುತ್ತದೆ. ಊರೊಳಗಿನ ವೇಗಕ್ಕೆ ಒಳಮೈಕನ್ನೇ ನೆಚ್ಚುವುದಾದರೆ ನಾಲ್ಕರಲ್ಲಿ ಅದೇ ಮೇಲು. ಹೊರಮೈಕ್ ಎಂದರೆ ಆಕ್ಷನ್ 5 ಪ್ರೊಗೆ ಎದುರಿಲ್ಲ. ಡಿಜೆಐ ಮೈಕ್ 2 ಅಥವಾ ಮೈಕ್ ಮಿನಿಯ ಟ್ರಾನ್ಸ್‌ಮಿಟರ್, ರಿಸೀವರ್ ಇಲ್ಲದೆ ನೇರ ಕ್ಯಾಮೆರಾಕ್ಕೆ ಸೇರುತ್ತದೆ. ವೈರಿಲ್ಲ, ಯುಎಸ್‌ಬಿ ಬಾಗಿಲು ತೆರೆದಿಡಬೇಕಿಲ್ಲ. ಹೀರೋ 13ಕ್ಕೆ ಬ್ಲೂಟೂತ್ ಮೈಕ್ ಸೇರುತ್ತದಾದರೂ ದನಿ ಫೋನ್ ಕರೆಯ ಮಟ್ಟದ್ದು. ಒಳ್ಳೆ ದನಿ ಬೇಕಾದರೆ ಮೀಡಿಯಾ ಮಾಡ್ (ಮೈಕ್ ಸೇರಿಸುವ ಹೊರ ಚೌಕಟ್ಟು) ಇಲ್ಲವೇ ಅಡಾಪ್ಟರ್ ಬೇರೆ ಕೊಳ್ಳಬೇಕು, ಅಲ್ಲಿಗೆ ನೀರು ತಡೆಯುವ ಗುಣವೂ ಹೋಯಿತು.

ಮೈಕ್ ಎಲ್ಲಿಡಬೇಕು ಅನ್ನುವುದಕ್ಕೆ ದಿಕ್ಕು ನೋಡಿ. ಮುಂಗಾರಿನಲ್ಲಿ ಗಾಳಿ ಪಶ್ಚಿಮ–ನೈಋತ್ಯದಿಂದ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ದಾವಣಗೆರೆಯಿಂದ ದುರ್ಗಕ್ಕೆ ಹೋಗುವಾಗ ಅದು ಬಲ ಹಿಂಬದಿಯಿಂದ ಬೀಸುತ್ತದೆ, ಮರಳುವಾಗ ಎಡ ಮುಂಬದಿಯಿಂದ. ಹಾಗಾಗಿ ಹೋಗುವಾಗ ಮೈಕನ್ನು ಜಾಕೆಟ್ ಕಾಲರಿನ ಒಳಗೆ ಎಡಕ್ಕೆ, ಬರುವಾಗ ಬಲಕ್ಕೆ ಸಿಕ್ಕಿಸಿ. ಇನ್ನೂ ಚೆನ್ನಾಗಿ ಬೇಕಾದರೆ 3.5 ಎಂಎಂ ಕಾಲರ್ ಮೈಕನ್ನು ಹೆಲ್ಮೆಟ್ಟಿನ ಕೆನ್ನೆಯ ಸ್ಪಂಜಿನ ಹಿಂದೆ ತೂರಿಸಿ. ಇದಕ್ಕೆ ಮೈಕ್ 2 ಬೇಕು, ಮಿನಿಯಲ್ಲಿ ಆ ಜ್ಯಾಕ್ ಇಲ್ಲ. ಮೋಟಾರಿನ ಸದ್ದು ಬೇಕಿದ್ದವರು ಎರಡನೇ ಮೈಕನ್ನು ಸೀಟಿನ ಕೆಳಗಿನ ಡಿಕ್ಕಿಯಲ್ಲಿಡಿ. ಚಾರ್ಜರ್, ಟೂಲ್‌ಗಳನ್ನು ಬಟ್ಟೆಯಲ್ಲಿ ಸುತ್ತಿಡದಿದ್ದರೆ ಮೋಟಾರಿನ ಬದಲು ಸ್ಪ್ಯಾನರ್ ಸಂಗೀತ ರೆಕಾರ್ಡ್ ಆಗುತ್ತದೆ.

ಬ್ಯಾಟರಿಯಲ್ಲಿ ಆಕ್ಷನ್ 5 ಪ್ರೊ (1950 ಎಂಎಎಚ್) ಮುಂದೆ. ಕಂಪನಿ ಹೇಳುವ ನಾಲ್ಕು ಗಂಟೆ 1080ಪಿ 24 ಫ್ರೇಮಿನ ಲೆಕ್ಕ. 4ಕೆಯಲ್ಲಿ ಅಷ್ಟು ನಿರೀಕ್ಷಿಸಬೇಡಿ. ಹೀರೋ 13ಕ್ಕೆ (1900 ಎಂಎಎಚ್) 5.3ಕೆ 30ರಲ್ಲಿ ಕಂಪನಿಯೇ ಹೇಳುವುದು ಒಂದೂವರೆ ಗಂಟೆ. ಅಂದರೆ ದುರ್ಗ ಮುಟ್ಟುವಷ್ಟು ಸರಿ, ವಾಪಸ್ಸಿಗೆ ಇನ್ನೊಂದು ಬ್ಯಾಟರಿ. ಸ್ಕೂಟರಿನ ಯುಎಸ್‌ಬಿಯಿಂದ ಕೊಡಬಹುದಲ್ಲ ಎನ್ನಬಹುದು. ಕೊಡಬಹುದು, ಆದರೆ ಕೀ ಆಫ್ ಮಾಡಿದ ತಕ್ಷಣ ಕರೆಂಟು ಹೋಗುತ್ತದೆ. ಕ್ಯಾಮೆರಾದಲ್ಲಿ ಬ್ಯಾಟರಿ ಇಲ್ಲದಿದ್ದರೆ ಫೈಲ್ ಮುಚ್ಚದೆ ಕೊನೆಯ ಕ್ಲಿಪ್ ಕೆಡುತ್ತದೆ. ಬ್ಯಾಟರಿ ಒಳಗಿಟ್ಟೇ ಕೇಬಲ್ ಹಾಕಿ.

ಏಪ್ರಿಲ್, ಮೇ ಬಿಸಿಲಿನಲ್ಲಿ ನಾಲ್ಕೂ ಬಿಸಿಯಾಗುತ್ತವೆ. ಓಡುವಾಗ ಗಾಳಿಯೇ ತಂಪು ಮಾಡುತ್ತದೆ, ಕ್ಯಾಮೆರಾ ಆಫ್ ಆಗುವುದು ಸಿಗ್ನಲ್‌ನಲ್ಲಿ, ಬೆಣ್ಣೆ ದೋಸೆಗೆ ನಿಂತಾಗ. ನಿಂತಾಗ ರೆಕಾರ್ಡಿಂಗ್ ನಿಲ್ಲಿಸಿ. 4ಕೆ 30 ಸಾಕು.

ರಾತ್ರಿಗೆ ಬೆಳಕು ಹಿಡಿಯುವ ಸೆನ್ಸರ್ ಗಾತ್ರವೇ ಮಾತು, ದೊಡ್ಡದಾದಷ್ಟೂ ಒಳ್ಳೆಯದು. ಆಕ್ಷನ್ 5 ಪ್ರೊ, ಏಸ್ ಪ್ರೊ 2 ಎರಡರಲ್ಲೂ 1/1.3 ಇಂಚು, ಹೀರೋ 13ರಲ್ಲಿ 1/1.9, ಎಕ್ಸ್4ರಲ್ಲಿ 1/2. ಎದುರಿನ ಲಾರಿ ಲೈಟು ಬಿದ್ದಾಗ ರಸ್ತೆಯ ಅಂಚು ಉಳಿಯುವುದು ಮೊದಲೆರಡರಲ್ಲಿ. ಸೆಟ್ಟಿಂಗ್: 50 ಹರ್ಟ್ಸ್, 25 ಫ್ರೇಮ್, ಶಟರ್ 1/100 ಸೆಕೆಂಡ್, ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) ಗರಿಷ್ಠ 1600. ಬೀದಿದೀಪ ಸೆಕೆಂಡಿಗೆ 100 ಸಲ ಮಿಣುಕುವುದರಿಂದ 1/100 ಅಥವಾ 1/50ರಲ್ಲಿ ಪಟ್ಟೆ ಬರುವುದಿಲ್ಲ. 1/50 ಇನ್ನೂ ಬೆಳಕು ಕೊಡುತ್ತದಾದರೂ ಪ್ರತಿ ಹಂಪಿಗೂ ಚಿತ್ರ ಕದಡುತ್ತದೆ. ಸ್ಟೆಬಿಲೈಸೇಶನ್ ಫ್ರೇಮನ್ನು ನಿಲ್ಲಿಸಬಲ್ಲದು, ಕದಡಿದ್ದನ್ನು ತಿಳಿಗೊಳಿಸಲಾರದು.

ಒಂದು ಚಾರ್ಜಿಗೆ ಗಾಡಿ ಎಷ್ಟು ದೂರ ಓಡುತ್ತದೆ ಎಂಬ ರೇಂಜ್ ಟೆಸ್ಟ್ ಮಾಡುವವರಿಗೆ ಮಾತ್ರ ಹೀರೋ 13. ಹೀರೋ 12ರಲ್ಲಿ ತೆಗೆದಿದ್ದ ಜಿಪಿಎಸ್ ಇದರಲ್ಲಿ ಮರಳಿದೆ. ಉಳಿದವಕ್ಕೆ ರಿಮೋಟೋ ಫೋನೋ ಬೇಕು. ಗಾಡಿಯ ಡ್ಯಾಶ್ ವೇಗವನ್ನು ಸ್ವಲ್ಪ ಹೆಚ್ಚೇ ತೋರಿಸುವುದರಿಂದ ಜಿಪಿಎಸ್ ಅಂಕಿ ಪಕ್ಕದಲ್ಲಿದ್ದರೆ ಲೆಕ್ಕ ನಂಬುವಂತಿರುತ್ತದೆ. ಬ್ಯಾಟರಿ ಶೇಕಡ ಇಳಿಯುವುದನ್ನು ತೋರಿಸಲು ಡ್ಯಾಶ್ ಕಡೆಗೆ ಎರಡು ಸೆಕೆಂಡಿಗೊಂದು ಫ್ರೇಮಿನ ಟೈಮ್‌ಲ್ಯಾಪ್ಸ್ ಇಡಿ: ಎರಡು ಗಂಟೆ ಎರಡು ನಿಮಿಷವಾಗುತ್ತದೆ. ಪೋಲರೈಸರ್ ಫಿಲ್ಟರ್ ಹಾಕಬೇಡಿ, ಡ್ಯಾಶ್ ಕಪ್ಪಾಗಬಹುದು. ಮೇಲೆ ಹೇಳಿದ ಗಾಳಿಯ ಕಾರಣಕ್ಕೆ ಹೋಗಿ ಬಂದ ಎರಡೂ ಕಡೆಯ ಸರಾಸರಿ ಕೊಡದ ರೇಂಜ್ ವಿಡಿಯೊ ಅರ್ಧ ಸತ್ಯ.

ಎಕ್ಸ್4 ಬೇರೆ ಜಾತಿ. ಹಿಂದಿನಿಂದ ಡ್ರೋನ್ ಹಿಂಬಾಲಿಸಿದಂಥ ಶಾಟ್ ಇದೊಂದರಲ್ಲೇ ಬರುತ್ತದೆ, ಕ್ಯಾಮೆರಾ ಹಿಡಿದ ಕೋಲು ಚಿತ್ರದಿಂದ ತಾನಾಗಿ ಮಾಯವಾಗುತ್ತದೆ. ಆದರೆ ಮೆಕ್ಕೆಜೋಳದ ಸುಗ್ಗಿಯಲ್ಲಿ ಕೊಂಡಜ್ಜಿ ಕಡೆ ಹೋದರೆ ಉಬ್ಬಿದ ಎರಡೂ ಲೆನ್ಸಿನ ಮೇಲೆ ಧೂಳು ಕೂರುತ್ತದೆ, ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು. ಲೆನ್ಸ್ ಗಾರ್ಡ್ ಹಾಕಿ, ಮೊದಲು ಗಾಳಿ ಊದಿ, ಆಮೇಲೆ ಒರೆಸಿ. ಎಡಿಟಿಂಗ್‌ಗೆ ಕೂರುವ ತಾಳ್ಮೆ ಇಲ್ಲದವರು ಇದರ ತಂಟೆಗೆ ಹೋಗಬೇಡಿ.

ಮೆಮೊರಿ ಕಾರ್ಡ್ ವಿ30 (ಬರೆಯುವ ವೇಗದ ದರ್ಜೆ) ಗುರುತಿನದು, 128 ಜಿಬಿ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ಗಂಟೆಗೆ 45 ಜಿಬಿ ತುಂಬುತ್ತದೆ. ಆಕ್ಷನ್ 5 ಪ್ರೊ ಒಳಗೇ 47 ಜಿಬಿ ಇರುವುದರಿಂದ ಕಾರ್ಡ್ ಮನೆಯಲ್ಲಿ ಮರೆತರೂ ಒಂದು ಗಂಟೆ ದಕ್ಕುತ್ತದೆ.

ಒಂದೇ ಕೊಳ್ಳುವುದಾದರೆ ಆಕ್ಷನ್ 5 ಪ್ರೊ ಮತ್ತು ಒಂದು ಮೈಕ್. ಹಣ ಕಡಿಮೆ ಇದ್ದರೆ 2023ರ ಆಕ್ಷನ್ 4 ತೆಗೆದುಕೊಳ್ಳಿ: ಸೆನ್ಸರ್ ಗಾತ್ರ ಅದೇ 1/1.3, ಬ್ಯಾಟರಿ 1770 ಎಂಎಎಚ್. ಉಳಿದ ದುಡ್ಡಿಗೆ ಹೆಚ್ಚುವರಿ ಬ್ಯಾಟರಿ ಕೊಳ್ಳಿ. ಯಾವುದೇ ಆದರೂ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಬಿಲ್ ಹಾಕಿಸುವ ಮೊದಲೇ ಕೇಳಿ.