ಅಂಗಳದಲ್ಲಿ ಅಡಿಕೆ, ಕೈಯಲ್ಲಿ ಮೂರು ಹವಾಮಾನ ಆಪ್

ಮೊದಲೇ ಹೇಳಿಬಿಡುತ್ತೇನೆ, ಮೂರರಲ್ಲಿ ನನ್ನ ಓಟು ವಿಂಡಿ (Windy) ಎಂಬ ಆಪ್‌ಗೆ. ಕಾರಣ ಹೋದ ನವೆಂಬರಿನ ಒಂದು ಮದುವೆ ಊಟ.

ಆವತ್ತು ಬೆಳಿಗ್ಗೆ ನೋಡಿದ್ದು ಫೋನಿನ ಜೊತೆಗೇ ಬಂದಿದ್ದ ಆಪ್. ದೊಡ್ಡ ಸೂರ್ಯ, ಕೆಳಗೆ ಸಣ್ಣದಾಗಿ ಮಳೆ ಶೇ. 20. ಚೊಗರಿನಲ್ಲಿ ಬೇಯಿಸಿ ತೆಗೆದ ಅಡಿಕೆಯನ್ನು ಅಂಗಳದ ತುಂಬ ಹರವಿ, ಮನೆಮಂದಿಯೆಲ್ಲ ಸಾಗರಕ್ಕೆ ಹೊರಟೆವು. ಹೋಳಿಗೆ ಬಡಿಸುವ ಹೊತ್ತಿಗೆ ಪಕ್ಕದ ಮನೆಯವರ ಫೋನು: "ನಿಮ್ಮ ಅಂಗಳ ತೋಯ್ತಾ ಇದೆ ಮಾರಾಯ್ರೆ, ನಾವೂ ತೋಟದಲ್ಲಿದ್ವಿ." ನಾವು ಬಂದು ಟಾರ್ಪಾಲು ಎಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂರೇ ದಿನಕ್ಕೆ ಬೂಸ್ಟು ಹಿಡಿಯಿತು. ಅಡಿಕೆ ಮಂಡಿಯಲ್ಲಿ ಕೇಳಿಸಿಕೊಂಡ ಮಾತು ಇಲ್ಲಿ ಬೇಡ.

ಆ ಆಪ್ ಸುಳ್ಳು ಹೇಳಿರಲಿಲ್ಲ, ಸಿಟ್ಟು ಬರುವುದೇ ಅದಕ್ಕೆ. ಶೇ. 20 ಎಂದರೆ ಅಂಥ ಐದು ದಿನಗಳಲ್ಲಿ ಒಂದು ದಿನ ಮಳೆ ಬಂದೀತು ಎಂದರ್ಥ. ಚಿತ್ರದಲ್ಲಿ ಮಾತ್ರ ಐದೂ ದಿನ ಸೂರ್ಯನೇ. ಮನೆಬಿಟ್ಟು ಹೊರಡುವ ಗಡಿಬಿಡಿಯಲ್ಲಿ ಯಾರು ಅಂಕಿ ನೋಡುತ್ತಾರೆ?

ಸಾಲದ್ದಕ್ಕೆ ನಮ್ಮೂರಿನ ಹೆಸರೇ ಅದಕ್ಕೆ ಗೊತ್ತಿಲ್ಲ, ಗುಡ್ಡದಾಚೆಯ ಪೇಟೆಯ ಹೆಸರು ತೋರಿಸುತ್ತದೆ. ಗುಡ್ಡದ ಆ ಕಡೆ ಬಿಸಿಲು, ಈ ಕಡೆ ಮಳೆ ಇರುವುದು ಮಲೆನಾಡಿನ ಮಕ್ಕಳಿಗೂ ಗೊತ್ತು. "15 ನಿಮಿಷದಲ್ಲಿ ಮಳೆ" ಎಂಬ ಸಂದೇಶವೂ ಬಂತೆನ್ನಿ, ಒದ್ದೆ ಅಡಿಕೆ ಬಾಚುತ್ತಿದ್ದಾಗ.

ಹವಾಮಾನ ಇಲಾಖೆ 2020ರಲ್ಲಿ ತಂದ 'ಮೌಸಮ್' ಮಳೆಗಾಲಕ್ಕೆ ಬೇಕೇ ಬೇಕು. ಅದರ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ನೋಡಿ ಮಕ್ಕಳು ಶಾಲೆಯ ರಜೆ ಲೆಕ್ಕ ಹಾಕುತ್ತಾರೆ. ಆದರೆ ಇಲಾಖೆಯ ಲೆಕ್ಕದಲ್ಲಿ ಭಾರೀ ಮಳೆ ಶುರುವಾಗುವುದೇ ದಿನಕ್ಕೆ 64.5 ಮಿ.ಮೀ.ನಿಂದ. ಅಡಿಕೆ ಕೆಡಲು ಒಂದು ಹನಿಮಳೆ ಸಾಕು. ಬಣ್ಣವೂ ಇಡೀ ಜಿಲ್ಲೆಗೆ ಒಂದೇ, ಆಗುಂಬೆಗೂ ಅದೇ, ಶಿಕಾರಿಪುರಕ್ಕೂ ಅದೇ.

ಈ ಮೂರರ ಜೊತೆಗೆ, ಸಿಡಿಲಿನ ಎಚ್ಚರಿಕೆಗೆ 'ದಾಮಿನಿ' ಎಂಬ ಆಪ್ ಬೇರೆ ಇರಲಿ. ಅಡಿಕೆ ಕೊನೆ ಕೊಯ್ಯಲು ಮರ ಹತ್ತುವ ಕೊನೆಗಾರರಿಗಂತೂ ಇರಲೇಬೇಕು.

ವಿಂಡಿಯಲ್ಲಿ ನಮ್ಮ ತೋಟದ ಮೇಲೇ ಬೆರಳಿಡಬಹುದು. ಮಳೆ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು ಅದರಲ್ಲಿ ಹಲವು: ಯುರೋಪಿನದು 9 ಕಿ.ಮೀ. ಚೌಕಕ್ಕೊಂದು ಲೆಕ್ಕ ಕೊಡುತ್ತದೆ, ಅಮೆರಿಕದ್ದು 22 ಕಿ.ಮೀ. ಚೌಕಕ್ಕೊಂದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಎರಡೂ ಒಣಹವೆ ಅಂದರೆ ಅಂಗಳದ ತುಂಬ ಹರವುವುದು, ಎರಡೂ ಮಳೆ ಅಂದರೆ ಅಟ್ಟ. ಜಗಳವಾಡಿದರೆ ಅರ್ಧ ಅಂಗಳ, ಮತ್ತು ಒಬ್ಬರು ಮನೆಯಲ್ಲಿ. ನಕ್ಷೆ ತೆರೆಯಲು ನೆಟ್‌ವರ್ಕ್ ಹುಡುಕಿಕೊಂಡು ದಿಬ್ಬ ಹತ್ತಬೇಕು, ಅದೊಂದು ಕಷ್ಟ. ಕಾಸು ಕೊಟ್ಟರೆ ಇನ್ನೂ ಏನೇನೋ ಸಿಗುತ್ತದಂತೆ. ಬಿಟ್ಟಿಯದ್ದೇ ನನಗೆ ಸಾಕಾಗಿದೆ.

ಬರುವ ಗುರುವಾರ ತೀರ್ಥಹಳ್ಳಿಯಲ್ಲಿ ಇನ್ನೊಂದು ಮದುವೆ. ಸದ್ಯಕ್ಕೆ ಯುರೋಪು ಮಳೆ ಅನ್ನುತ್ತಿದೆ, ಅಮೆರಿಕ ಇಲ್ಲ ಅನ್ನುತ್ತಿದೆ. ಇವಳು, ಮಕ್ಕಳು ಹೋಗಿಬರುತ್ತಾರೆ. ನನಗೆ ಡಬ್ಬಿಯಲ್ಲಿ ಹೋಳಿಗೆ ತರಲು ಹೇಳಿದ್ದೇನೆ.